ರಂಗಮಾಲೆ: ಬಣ್ಣದ ಪೇಟೆಗೆ ನಮ್ಮದೇ ಬೆಳೆ

ಗೋಬಿ ಮಂಚೂರಿ ಹಾಗೂ ಬಾಂಬೆ ಮಿಠಾಯಿಗಳಲ್ಲಿ ಕೃತಕ ಬಣ್ಣ ಬಳಸುವುದನ್ನು ರಾಜ್ಯ ಸರ್ಕಾರವು 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಪರೀಕ್ಷೆಗೊಳಪಟ್ಟ ಗೋಬಿಯ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದಿದ್ದವು. ಅದೇ ವರ್ಷದ ಜೂನ್‌ನಲ್ಲಿ ಕಬಾಬ್ ಮೊದಲಾದ ಖಾದ್ಯಗಳಿಗೂ ನಿಷೇಧ ವಿಸ್ತರಿಸಿತು. ತಪ್ಪಿತಸ್ಥರಿಗೆ ಸೆರೆವಾಸ ಮತ್ತು ಭಾರಿ ದಂಡದ ಭಯವುಂಟು. ಆದರೆ ಬಣ್ಣ ಬೇಡವೆಂದು ಹೇಳಿದ ಮಾತ್ರಕ್ಕೆ ಬಣ್ಣದ ಬೇಡಿಕೆ ಇಲ್ಲವಾಗದು. ಈ ತೆರವನ್ನು ತುಂಬುವವರು ಯಾರು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಇದಕ್ಕೊಂದು ಉತ್ತರ ನಮ್ಮ ಬೇಲಿಯಂಚಿನಲ್ಲಿಯೇ ಇದೆ. ರಂಗಮಾಲೆ ಅಥವಾ ಸಿಂಧೂರಿ ಎನಿಸಿಕೊಳ್ಳುವ ಅನ್ನಾಟೊ, ಉಷ್ಣವಲಯದ ಅಮೆರಿಕದಿಂದ ಬಂದು ಇಲ್ಲಿ ನೆಲೆಯೂರಿದ ಕಿರುಮರ. ನಸುಗೆಂಪು ಹೂ, ಮುಳ್ಳುಮುಳ್ಳಾದ ಕಾಯಿ, ಒಳಗೆ ಕುಂಕುಮ ಬಳಿದಂತಹ ಬೀಜ. ಬೀಜದ ಹೊರಪದರದಲ್ಲಿರುವ ಬಿಕ್ಸಿನ್ ಎಂಬ ವರ್ಣದ್ರವ್ಯವು ಎಣ್ಣೆಯಲ್ಲಿ ಕರಗುತ್ತದೆ. ಕ್ಷಾರದೊಡನೆ ಸಂಸ್ಕರಿಸಿದರೆ ನೀರಿನಲ್ಲಿ ಕರಗುವ ನಾರ್‌ಬಿಕ್ಸಿನ್ ದೊರೆಯುತ್ತದೆ. ಬೆಣ್ಣೆ, ಗಿಣ್ಣು, ಐಸ್‌ಕ್ರೀಮ್‌ಗಳ ಹಳದಿ ಛಾಯೆಗೆ ಜಗತ್ತಿನಾದ್ಯಂತ ಇದು ಬಳಕೆಯಲ್ಲಿದೆ. ಪೆರು, ಬ್ರೆಜಿಲ್, ಕೆನ್ಯಾ ದೇಶಗಳು ಇದರ ಪ್ರಮುಖ ಉತ್ಪಾದಕರು.

ಇತಿಮಿತಿಗಳನ್ನೂ ಮರೆಯಬಾರದು. ಕೃತಕ ಬಣ್ಣದ ಕಣ್ಣು ಕೋರೈಸುವ ಕೆಂಪು ಇದರಿಂದ ಬಾರದು. ಬರುವುದು ಹಳದಿ ಹಾಗೂ ಕಿತ್ತಳೆ. ಬೆಳಕಿಗೆ ಬಣ್ಣ ಮಾಸುತ್ತದೆ. ಹುಳಿ ಹೆಚ್ಚಿದ್ದರೆ ನಾರ್‌ಬಿಕ್ಸಿನ್ ತಳಕ್ಕಿಳಿಯುತ್ತದೆ. ಯಾವ ತಿನಿಸಿಗೆ ಎಷ್ಟು ಬಳಸಬಹುದೆಂಬುದನ್ನು ಆಹಾರ ಸುರಕ್ಷತಾ ನಿಯಮಗಳಲ್ಲಿ ನೋಡಿಕೊಂಡೇ ತಯಾರಕರು ಮುಂದುವರಿಯಬೇಕು.

ಕೃಷಿ ಕಷ್ಟಕರವಲ್ಲ. ನೀರು ಬಸಿದುಹೋಗುವ ಮಣ್ಣು, ಧಾರಾಳ ಬಿಸಿಲು ಇದ್ದರಾಯಿತು. ಸಸಿಮಡಿಯಲ್ಲಿ ಬೆಳೆಸಿದ ಗಿಡಗಳನ್ನು ಮುಂಗಾರಿನ ಆರಂಭದಲ್ಲಿ ಮೂರ್ನಾಲ್ಕು ಮೀಟರ್ ಅಂತರದಲ್ಲಿ ನೆಡಬಹುದು. ಎರಡು ಮೂರು ವರ್ಷಗಳಲ್ಲಿ ಫಸಲು ಆರಂಭ. ಕಾಯಿ ಕಂದುಬಣ್ಣಕ್ಕೆ ತಿರುಗಿ ಬಿರಿಯುವ ಮುನ್ನ ಕೊಯ್ದು, ನೆರಳಿನಲ್ಲಿ ಒಣಗಿಸಿ, ಬಡಿದು ಬೀಜ ಬೇರ್ಪಡಿಸಬೇಕು. ಬೀಜದಿಂದ ಬೆಳೆದ ಗಿಡಗಳಲ್ಲಿ ವರ್ಣಾಂಶ ಒಂದರಂತೆ ಇನ್ನೊಂದರಲ್ಲಿ ಇರುವುದಿಲ್ಲ. ಉತ್ತಮ ತಾಯಿಗಿಡದ ಕಡ್ಡಿಗಳಿಂದ ಸಸಿ ಮಾಡುವುದೇ ಲೇಸು.

ತೊಡಕಿರುವುದು ಹೊಲದಲ್ಲಲ್ಲ, ಪೇಟೆಯಲ್ಲಿ. ಕೊಳ್ಳುವವರಿಲ್ಲವೆಂದು ರೈತ ನೆಡುವುದಿಲ್ಲ. ಸರಕಿಲ್ಲವೆಂದು ಉದ್ಯಮಿ ಘಟಕ ಹೂಡುವುದಿಲ್ಲ. ತೂಕವೊಂದನ್ನೇ ನೋಡಿ ಬೆಲೆ ಕಟ್ಟಿದರೆ ಬಿಕ್ಸಿನ್ ಹೆಚ್ಚಿರುವ ಬೀಜ ಬೆಳೆದವನಿಗೆ ನ್ಯಾಯ ದೊರೆಯದು, ಕೊಂಡವನಿಗೂ ಸರಕಿನ ಭರವಸೆ ಇರದು. ಆದ್ದರಿಂದ ವರ್ಣಾಂಶಕ್ಕನುಗುಣವಾಗಿ ದರ ನಿಗದಿಯಾಗಬೇಕು. ಪರೀಕ್ಷಾ ಉಪಕರಣಗಳನ್ನು ಸಣ್ಣ ಘಟಕಗಳು ಒಂಟಿಯಾಗಿ ಕೊಳ್ಳಲಾರವು. ನಾಲ್ಕಾರು ಘಟಕಗಳು ಸೇರಿ ಸಾಮಾನ್ಯ ಪರೀಕ್ಷಾಲಯ ನಡೆಸಲು ಅಡ್ಡಿಯಿಲ್ಲ. ತಾಂತ್ರಿಕ ಸಲಹೆಗೆ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ನಮ್ಮಲ್ಲಿಯೇ ಇದೆ.

ಹೊರದೇಶಗಳ ಗಾಳಿಯೂ ಇತ್ತಲೇ ಬೀಸುತ್ತಿದೆ. ಅಮೆರಿಕವು 2025ರ ಜನವರಿಯಲ್ಲಿ ಆಹಾರದಲ್ಲಿ ‘ರೆಡ್ ನಂ. 3’ ಬಣ್ಣದ ಅನುಮತಿಯನ್ನು ಹಿಂತೆಗೆದುಕೊಂಡಿತು. ರಫ್ತಿನ ಆಸೆಯುಳ್ಳವರು ಇದನ್ನು ಲಕ್ಷ್ಯದಲ್ಲಿರಿಸಿಕೊಳ್ಳುವುದು ಒಳಿತು.

ಬೆಳೆಗಾರರು, ಸಂಸ್ಕರಣಕಾರರು ಹಾಗೂ ತಿನಿಸು ತಯಾರಕರನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಮೂರು ವರ್ಷಗಳ ಖರೀದಿ ಒಪ್ಪಂದಕ್ಕೆ ದಾರಿಮಾಡುವ ಕಾರ್ಯವನ್ನು ವಾಣಿಜ್ಯ ಮಂಡಳಿಯಂತಹ ಸಂಸ್ಥೆಗಳೇ ಕೈಗೆತ್ತಿಕೊಳ್ಳಬೇಕು. ಇಂದು ನೆಟ್ಟ ಗಿಡ ಫಲ ಕೊಡಲು ಕಾಲ ಬೇಕು. ತಪಾಸಣಾಧಿಕಾರಿ ಅಂಗಡಿಗೆ ಬಂದ ದಿನ ಸಸಿ ಹುಡುಕಿದರೆ ಪ್ರಯೋಜನವಿಲ್ಲ.