ಹೂಗಿಡ ಮತ್ತು ಕೈಗುಣ

ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುತ್ತಿದ್ದಂತೆ ನಮ್ಮ ಮನೆಯಂಗಳಗಳಲ್ಲಿ ಹೂಗಿಡಗಳ ಮಾತು ಆರಂಭವಾಗುತ್ತದೆ. ಚೈತ್ರ, ವೈಶಾಖಗಳು ವಸಂತ ಋತುವಿನ ಮಾಸಗಳು. ಇಷ್ಟಲಿಂಗ ಪೂಜೆಗೆ ನಮ್ಮ ಅಂಗಳದವೇ ಆದ ನಾಲ್ಕು ಹೂಗಳಿರಲಿ ಎಂಬ ಹಂಬಲ ಯಾವ ಸದ್ಭಕ್ತರ ಮನೆಯಲ್ಲಿ ಇರುವುದಿಲ್ಲ? ಆದರೆ ಆ ಹಂಬಲದ ಬೆನ್ನಿಗೇ ಒಂದು ನಿಟ್ಟುಸಿರೂ ಕೇಳಿಬರುತ್ತದೆ: “ನನ್ನ ಕೈಗುಣ ಒಳ್ಳೆಯದಲ್ಲ ಬುದ್ಧಿ, ನಾನು ನೆಟ್ಟ ಗಿಡ ಬದುಕುವುದಿಲ್ಲ.” ಭಕ್ತರ ಮನೆಗಳಲ್ಲಿ ಈ ಮಾತನ್ನು ನಾವು ಅದೆಷ್ಟೋ ಸಲ ಕೇಳಿದ್ದೇವೆ. ಹೀಗೆ ಹೇಳುವವರಲ್ಲಿ ತಾಯಂದಿರೇ ಹೆಚ್ಚು. ಆದುದರಿಂದ ಈ ಕೈಗುಣವೆಂಬುದನ್ನೇ ಈ ಬಾರಿ ಕೊಂಚ ವಿಚಾರಿಸೋಣ.

ಮಠದಲ್ಲಿ ವಿದ್ಯಾರ್ಥಿಗಳಾಗಿದ್ದಾಗ ನಸುಕಿನಲ್ಲಿ ಹೂಪತ್ರೆ ಎತ್ತುವ ಮತ್ತು ಗಿಡಗಳಿಗೆ ನೀರೆರೆಯುವ ಸೇವೆ ಸರದಿಯಂತೆ ನಮ್ಮೆಲ್ಲರ ಪಾಲಿಗೆ ಬರುತ್ತಿತ್ತು. ವಾರಕ್ಕೊಬ್ಬ ಹುಡುಗ ನೀರೆರೆದರೂ ಆ ಗಿಡಗಳು ಕೈಯ ಭೇದವೆಣಿಸಲಿಲ್ಲ. ಎಲ್ಲರಿಗೂ ಹೂ ಕೊಟ್ಟವು. ಹಾಗಾದರೆ ಮನೆಯಲ್ಲಿ ಗಿಡ ಸಾಯುವುದೇಕೆ?

ಮೊದಲನೆಯ ಕಾರಣ, ಅತಿಯಾದ ನೀರು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣು ಸದಾ ಕೆಸರಾಗಿದ್ದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ, ಎಲೆ ಹಳದಿಯಾಗಿ ಜೋಲುತ್ತದೆ. ಬಾಡಿತೆಂದು ಮರುಕಗೊಂಡು ಮತ್ತೆ ಎರಡು ತಂಬಿಗೆ ನೀರು ಸುರಿದರೆ ಅಲ್ಲಿಗೆ ಗಿಡದ ಕಥೆ ಮುಗಿಯಿತು. ಬೆರಳನ್ನು ಎರಡು ಅಂಗುಲ ಮಣ್ಣಿನೊಳಗಿಳಿಸಿ ನೋಡಬೇಕು. ತೇವವಿದ್ದರೆ ನೀರು ಬೇಡ, ಒಣಗಿದ್ದರೆ ಬುಡ ತುಂಬ ನೆನೆಯುವಂತೆ ಬೆಳಗಿನ ಹೊತ್ತು ಎರೆಯಬೇಕು. ಕುಂಡದ ತಳದಲ್ಲಿ ತೂತಿರಲೇಬೇಕು; ಮಣ್ಣು ಕೊಚ್ಚಿಹೋಗದಂತೆ ಅದರ ಮೇಲೊಂದು ಹಂಚಿನ ಚೂರನ್ನಿಡಬೇಕು. ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಪಾಲಾದರೆ ಸಾಕು. ಹಸಿ ಸಗಣಿ ಹಾಕಿದರೆ ಎಳೆಯ ಬೇರು ಸುಡುತ್ತದೆ.

ಎರಡನೆಯದು ಬಿಸಿಲಿನ ವಿಷಯ. ಹೂಬಿಡುವ ಗಿಡಗಳಲ್ಲಿ ಹೆಚ್ಚಿನವಕ್ಕೆ ದಿನಕ್ಕೆ ಐದಾರು ಗಂಟೆಯ ಬಿಸಿಲು ಬೇಕು. ನೆರಳಿನಲ್ಲಿಟ್ಟು ಗೊಬ್ಬರವನ್ನು ಧಾರಾಳವಾಗಿ ಹಾಕಿದರೆ ಎಲೆಯೇ ಎಲೆ, ಹೂವಿಲ್ಲ. ಆದರೆ ನರ್ಸರಿಯ ನೆರಳಿನಲ್ಲಿ ಬೆಳೆದ ಸಸಿಯನ್ನು ತಂದ ದಿನವೇ ಬೇಸಗೆಯ ಬಿಸಿಲಿಗೆ ಒಡ್ಡಬಾರದು. ಒಂದು ವಾರ ನೆರಳಿನಲ್ಲಿಟ್ಟು, ಅನಂತರ ದಿನಕ್ಕಿಷ್ಟು ಎಂಬಂತೆ ಬಿಸಿಲಿಗೆ ರೂಢಿಸಬೇಕು. ಬುಡಕ್ಕೆ ಒಣಗಿದೆಲೆಯ ಹೊದಿಕೆ ಹಾಕಿದರೆ ವೈಶಾಖದ ಬೇಗೆಯಲ್ಲಿಯೂ ತೇವ ಉಳಿಯುತ್ತದೆ.

ಮೂರನೆಯದು, ಗಿಡದ ಸ್ವಭಾವವನ್ನರಿಯದೆ ನಿರಾಶರಾಗುವುದು. ಚಳಿಗಾಲದಲ್ಲಿ ಹೂ ತುಂಬಿದ ಸೇವಂತಿಗೆಯ ಕುಂಡವನ್ನು ತಂದಿರುತ್ತಾರೆ; ವಸಂತದ ಹೊತ್ತಿಗೆ ಅದು ಬರಿದಾಗುತ್ತದೆ. ಇದು ಕೈಗುಣದ ದೋಷವಲ್ಲ. ಇರುಳು ದೀರ್ಘವಾದಾಗ ಮೊಗ್ಗು ಕಟ್ಟುವುದು ಸೇವಂತಿಗೆಯ ಗುಣ. ಒಣಗಿದ ಕಡ್ಡಿಗಳನ್ನು ಕತ್ತರಿಸಿದರೆ ಬುಡದಿಂದ ಹೊಸ ಮರಿಗಳೇಳುತ್ತವೆ. ದುಂಡುಮಲ್ಲಿಗೆಯದು ಇನ್ನೊಂದು ಬಗೆ. ಅದು ಹೊಸ ಚಿಗುರಿನಲ್ಲಿ ಹೂ ಬಿಡುವ ಗಿಡ. ನವೆಂಬರ್ ಕೊನೆಯಲ್ಲಿ ನೆಲದಿಂದ ಒಂದೂವರೆ ಅಡಿಯಷ್ಟು ಉಳಿಸಿ ಕತ್ತರಿಸಿದರೆ ಮಾರ್ಚ್ ತಿಂಗಳಿನಿಂದ ಮೊಗ್ಗು ಕಾಣತೊಡಗುತ್ತದೆ. ಹಸಿರು ಗಿಡಕ್ಕೆ ಕತ್ತರಿಯಿಡಲು ಮನಸ್ಸು ಬಾರದೆ ಬಿಟ್ಟವರ ಮನೆಯಲ್ಲಿ ಬಳ್ಳಿ ಹಬ್ಬುತ್ತದೆ, ಹೂ ವಿರಳವಾಗುತ್ತದೆ. ಈ ವರ್ಷ ಕತ್ತರಿಸಿಲ್ಲದವರು ಮೊದಲ ಹೂವಿನ ಸುಗ್ಗಿ ಮುಗಿದೊಡನೆ ತುದಿಗಳನ್ನಾದರೂ ಚಿವುಟಲಿ. ಮತ್ತೆ ಚಿಗುರಿ ಹೂ ಬರುತ್ತದೆ.

ಹೊಸದಾಗಿ ಆರಂಭಿಸುವವರು ಹತ್ತು ಬಗೆಯ ಗಿಡಗಳನ್ನು ಒಮ್ಮೆಲೇ ತರುವುದು ಬೇಡ. ಒಂದು ನಂದಿಬಟ್ಟಲು, ಒಂದು ದಾಸವಾಳ, ಒಂದು ಕಾಶಿಕಣಗಿಲೆ ಇಷ್ಟೇ ಸಾಕು. ಮೂರೂ ನಮ್ಮ ಬಿಸಿಲಿಗೆ ಒಗ್ಗಿದವು, ಹೆಚ್ಚಿನ ಆರೈಕೆ ಬೇಡದವು. ದಾಸವಾಳದ ಚಿಗುರಿಗೆ ಬಿಳಿಯ ಹಿಟ್ಟುತಿಗಣೆ ಮುತ್ತಿದರೆ ನೀರನ್ನು ರಭಸವಾಗಿ ಚಿಮುಕಿಸಿ ತೊಳೆಯಬೇಕು. ಹೋಗದಿದ್ದರೆ ಒಂದು ಲೀಟರ್ ನೀರಿಗೆ ೫ ಮಿಲಿಲೀಟರ್ ಬೇವಿನೆಣ್ಣೆ ಹಾಗೂ ಸ್ವಲ್ಪ ಸಾಬೂನು ಬೆರೆಸಿ ಸಂಜೆಯ ಹೊತ್ತು ಸಿಂಪಡಿಸಬೇಕು. ಕೆಂಪು, ಬಿಳಿ ಹೂಗಳ ದೊಡ್ಡ ಕಣಗಿಲೆ ಪೂಜೆಗೆ ಪ್ರಿಯವಾದರೂ ಅದರ ಎಲೆ, ಕಡ್ಡಿ, ಹೂ ಎಲ್ಲವೂ ವಿಷ. ಎಳೆಯ ಮಕ್ಕಳಿರುವ ಮನೆಯವರು ಅದನ್ನು ನೆಡದಿರುವುದೇ ಲೇಸು. ಆ ಹೂ ಬೆರೆತ ನಿರ್ಮಾಲ್ಯವನ್ನು ದನಗಳ ಬಾಯಿಗೆ ಸಿಗದಂತೆ ನೋಡಿಕೊಳ್ಳಬೇಕು. ನಿರ್ಮಾಲ್ಯವನ್ನು ಹೊಳೆಗೆ ಎಸೆಯುವುದಕ್ಕಿಂತ ಹಿತ್ತಲಿನ ಒಂದು ಗುಂಡಿಯಲ್ಲಿ ಮಣ್ಣಿನೊಡನೆ ಮುಚ್ಚಿಟ್ಟರೆ ಕೆಲವು ತಿಂಗಳಲ್ಲಿ ಗೊಬ್ಬರವಾಗಿ ಗಿಡದ ಬುಡಕ್ಕೇ ಮರಳುತ್ತದೆ.

ಇಷ್ಟು ಹೇಳಿದ ಮೇಲೆ, ಕೈಗುಣದ ಮಾತಿನ ಹಿಂದೆ ಅಡಗಿರುವ ಒಂದು ನೋವನ್ನು ಹೇಳದಿರಲಾಗದು. ಮುಟ್ಟಾದ ಹೆಣ್ಣುಮಗಳು ಮುಟ್ಟಿದರೆ ಮಲ್ಲಿಗೆ ಬಾಡುತ್ತದೆ, ಗಂಡನನ್ನು ಕಳೆದುಕೊಂಡವಳು ಹೂಗಿಡ ನೆಡಬಾರದು ಎಂಬ ಮಾತುಗಳು ಕೆಲವು ಮನೆಗಳಲ್ಲಿ ಇನ್ನೂ ಉಳಿದಿವೆ. ಅಂಥ ಮಾತನ್ನು ಬಾಲ್ಯದಿಂದ ಕೇಳುತ್ತ ಬಂದವಳೇ ಮುಂದೊಮ್ಮೆ, ನೀರು ಹೆಚ್ಚಾಗಿ ಒಂದು ಸಸಿ ಸತ್ತಾಗ, ತನ್ನ ಕೈಯೇ ಕೆಟ್ಟದ್ದೆಂದು ನಂಬಿಬಿಡುತ್ತಾಳೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ೧೨ನೆಯ ಶತಮಾನದಲ್ಲಿಯೇ ನಿರಾಕರಿಸಿದ ಶರಣರ ಪರಂಪರೆ ನಮ್ಮದು. ಲಿಂಗವನ್ನು ಧರಿಸಲು, ಪೂಜಿಸಲು ಅಡ್ಡಿಯಿಲ್ಲದ ಕೈಗೆ ಲಿಂಗಕ್ಕೇರುವ ಹೂವಿನ ಗಿಡವನ್ನು ಮುಟ್ಟಲು ಅಡ್ಡಿ ಎಲ್ಲಿಯದು? ಗಿಡಕ್ಕೆ ಸೂತಕ ತಿಳಿಯದು. ಅದಕ್ಕೆ ತಿಳಿದಿರುವುದು ನೀರು, ಬಿಸಿಲು, ಮಣ್ಣು. ಮನೆಯ ಹಿರಿಯರು ಇದನ್ನು ಮನಗಾಣಬೇಕು. ಹಿಂಜರಿಯುವ ಸೊಸೆಗೆ, ಮಗಳಿಗೆ, ಒಂಟಿಯಾದ ಅತ್ತಿಗೆಗೆ ತಾವೇ ಸಸಿಯನ್ನು ಕೈಗಿತ್ತು ನೆಡಿಸಬೇಕು.

ಹೂಪತ್ರೆಯನ್ನು ಒದಗಿಸುವುದನ್ನೇ ಕಾಯಕವನ್ನಾಗಿ ಮಾಡಿಕೊಂಡ ಹೂಗಾರ ಮಾದಯ್ಯನವರು ಶರಣರ ಸಾಲಿನಲ್ಲಿ ಗೌರವದ ಸ್ಥಾನ ಪಡೆದರು. ಕಾಯಕವೆಂದ ಮೇಲೆ ಅದು ದಿನನಿತ್ಯದ್ದು. ಬೆಳಿಗ್ಗೆ ಐದು ನಿಮಿಷ ಗಿಡದ ಮುಂದೆ ನಿಂತು ಮಣ್ಣು ಮುಟ್ಟಿ, ಎಲೆ ತಿರುವಿ ನೋಡುವುದು ಅದರ ಮೊದಲ ಪಾಠ. ಈ ಬೇಸಗೆಯನ್ನು ನಿಮ್ಮ ಮೂರು ಗಿಡಗಳು ದಾಟಿದರೆ, ಮಳೆಗಾಲದಲ್ಲಿ ದಾಸವಾಳ ಮತ್ತು ನಂದಿಬಟ್ಟಲಿನ ಗೇಣುದ್ದದ ಕಡ್ಡಿಗಳನ್ನು ಕತ್ತರಿಸಿ ಊರಿ. ಬೇರುಬಿಟ್ಟ ಒಂದು ಸಸಿಯನ್ನು, “ನನ್ನ ಕೈಗುಣ ಒಳ್ಳೆಯದಲ್ಲ” ಎನ್ನುವ ನೆರೆಮನೆಯ ತಾಯಿಗೆ ಕೊಟ್ಟುಬನ್ನಿ. ಬಸವಾದಿ ಶರಣರ ಕೃಪೆ ಎಲ್ಲರ ಅಂಗಳದ ಮೇಲಿರಲಿ.