ಟ್ಯಾಂಕರು ತಿರುಗಿಸಿದ ಹೆಂಗಸರು

ಬಡಿದಾಟದ ಸಿನಿಮಾ ಎಂದರೆ ಗಂಡಸರ ಸಿನಿಮಾ ಎಂದು ನಮ್ಮಲ್ಲಿ ಬಹಳ ಮಂದಿ ಅದನ್ನು ಪಕ್ಕಕ್ಕೆ ಸರಿಸಿಬಿಡುತ್ತೇವೆ. ಮನೆಯ ಹುಡುಗರು ಟಿ.ವಿ.ಯಲ್ಲೋ ಮೊಬೈಲಿನಲ್ಲೋ ಹಾಕಿಕೊಂಡು ಕುಳಿತರೆ ಅಡುಗೆಮನೆಯಿಂದಲೇ "ಸದ್ದು ಕಡಿಮೆ ಮಾಡ್ರೋ" ಎಂದು ಕೂಗುತ್ತೇವೆ, ಅಷ್ಟೇ. ಅಂಥ ಚಿತ್ರಗಳಲ್ಲಿ ಹೆಣ್ಣಿಗೆ ಏನಾಗುತ್ತದೆ ಎಂದು ಕುಳಿತು ನೋಡಲು ನಮಗೆ ಪುರುಸೊತ್ತಿಲ್ಲ. ಆದರೆ ಹುಡುಗರು ನೋಡುತ್ತಾರೆ. ಹೆಂಡತಿಗೆ ಪೆಟ್ಟಾದರೆ ಗಂಡ ಏನು ಮಾಡಬೇಕು, ಹೆಂಡತಿ ಮನೆ ಬಿಟ್ಟು ಹೋದರೆ ಏನು ಮಾಡಬೇಕು ಎಂಬುದನ್ನು ಅಲ್ಲಿಂದಲೂ ಕಲಿಯುತ್ತಾರೆ. ಹಾಗಾಗಿ ಈ ಸಲ ನಾನು ಆಸ್ಟ್ರೇಲಿಯಾದ 'ಮ್ಯಾಡ್ ಮ್ಯಾಕ್ಸ್' ಎಂಬ ಚಿತ್ರಸರಣಿಯ ಬಗ್ಗೆ ಬರೆಯಲು ಹೊರಟಿದ್ದೇನೆ. 1979ರಿಂದ 2024ರವರೆಗೆ 45 ವರ್ಷಗಳಲ್ಲಿ ಐದು ಚಿತ್ರಗಳು ಬಂದಿವೆ. ಐದರಲ್ಲೂ ನಿರ್ದೇಶಕರು ಜಾರ್ಜ್ ಮಿಲ್ಲರ್. ಮೂರನೆಯದಕ್ಕೆ ಮಾತ್ರ ಜೊತೆಗೆ ಇನ್ನೊಬ್ಬರಿದ್ದರು. ಒಬ್ಬ ಗಂಡಸು ಹೇಳುತ್ತಲೇ ಬಂದ ಒಂದು ಕಥೆಯೊಳಗೆ ಹೆಂಗಸಿನ ಜಾಗ ಎಲ್ಲಿಂದ ಎಲ್ಲಿಗೆ ಬಂತು ಎಂದು ನೋಡಲು ಇಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಕಥೆ ನಡೆಯುವುದು ಲೋಕ ಹಾಳಾಗುತ್ತಿರುವಾಗ ಮತ್ತು ಹಾಳಾದ ಮೇಲೆ. ಪೆಟ್ರೋಲು ಮುಗಿಯುತ್ತ ಬಂದಿದೆ, ಕಾನೂನು ಕುಸಿದಿದೆ, ಕೊನೆಕೊನೆಗೆ ನೀರೂ ಇಲ್ಲ. ಯಾರ ಹತ್ತಿರ ವಾಹನವೂ ಆಯುಧವೂ ಇವೆಯೋ ಅವರದೇ ರಾಜ್ಯ. ಮಿಲ್ಲರ್ ಓದಿದ್ದು ವೈದ್ಯಕೀಯ. ಸಿಡ್ನಿಯಲ್ಲಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿದ್ದಾಗ ರಸ್ತೆ ಅಪಘಾತದಲ್ಲಿ ಜಜ್ಜಿಹೋದ ದೇಹಗಳನ್ನು ಅವರು ಕಣ್ಣಾರೆ ಕಂಡಿದ್ದರು. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲಿಗಾಗಿ ಜನ ಹೊಡೆದಾಡಿದ ನೆನಪೂ ಚಿತ್ರಕಥೆಗೆ ಸೇರಿಕೊಂಡಿತು. ಬೈರನ್ ಕೆನಡಿ ಎಂಬ ಗೆಳೆಯ ನಿರ್ಮಾಪಕರಾದರು. ಸುಮಾರು 4 ಲಕ್ಷ ಡಾಲರಿನಲ್ಲಿ ತಯಾರಾದ ಆ ಚಿತ್ರ ಪ್ರಪಂಚದಾದ್ಯಂತ 10 ಕೋಟಿ ಡಾಲರಿಗೂ ಮೇಲೆ ಗಳಿಸಿತು.

ಆ ಮೊದಲ ಚಿತ್ರದಲ್ಲಿ ಮ್ಯಾಕ್ಸ್ ಒಬ್ಬ ಪೊಲೀಸು. ಅವನ ಹೆಂಡತಿ ಜೆಸ್ಸಿ, ಒಂದು ಹಸುಗೂಸು. ಜೆಸ್ಸಿ ಅಳುಬುರುಕಿಯಲ್ಲ. ಬೈಕಿನ ಪುಂಡರ ನಾಯಕ ಮೈಮೇಲೆ ಬಿದ್ದಾಗ ಅವನಿಗೆ ಮೊಣಕಾಲಿನಿಂದ ಒದ್ದು, ಗಾಡಿ ಓಡಿಸಿಕೊಂಡು ಪಾರಾಗುತ್ತಾಳೆ. ಆದರೆ ಕಥೆಗೆ ಅವಳು ಪಾರಾಗುವುದು ಬೇಕಿಲ್ಲ. ಕೊನೆಗೆ ಮಗುವನ್ನು ಎತ್ತಿಕೊಂಡು ಖಾಲಿ ರಸ್ತೆಯಲ್ಲಿ ಓಡುವ ಅವಳ ಮೇಲೆ ಬೈಕುಗಳು ಹರಿಯುತ್ತವೆ. ಅಲ್ಲಿಂದಾಚೆಗೆ ಮ್ಯಾಕ್ಸ್ ಕಪ್ಪು ಕಾರು ಹತ್ತಿ ಒಬ್ಬೊಬ್ಬರನ್ನೇ ಬೇಟೆಯಾಡುತ್ತಾನೆ. ಜನ ಶಿಳ್ಳೆ ಹೊಡೆದದ್ದು ಅದಕ್ಕೆ. ಜೆಸ್ಸಿ ಆಸ್ಪತ್ರೆಯ ಹಾಸಿಗೆಯಲ್ಲಿ ಏನಾದಳು ಎಂದು ಚಿತ್ರ ತಿರುಗಿ ಕೂಡ ನೋಡುವುದಿಲ್ಲ! ಈ ಮಾದರಿ ನಮಗೆ ಹೊಸದೇನಲ್ಲ. ತಂಗಿಯ ಮೇಲೆ ಅತ್ಯಾಚಾರವಾಗಿ ಅಣ್ಣ ಸೇಡು ತೀರಿಸಿಕೊಳ್ಳುವ ಚಿತ್ರಗಳನ್ನು ನಮ್ಮ ಟೆಂಟುಗಳಲ್ಲಿ ಎಷ್ಟು ನೋಡಿಲ್ಲ? ಹೆಣ್ಣಿನ ನೋವು ಅಲ್ಲಿ ಮುನ್ನುಡಿ ಮಾತ್ರ. ಪುಸ್ತಕ ಗಂಡಸಿನದು. ಸಂಘದ ಕೆಲಸದಲ್ಲಿ ನಾವು ಕಾಣುವ ಸಂಕಟವೂ ಇದೇ ಅಲ್ಲವೇ? ಸೀಮೆಎಣ್ಣೆಯಲ್ಲಿ ಬೆಂದು ಹೋದ ಮೇಲೆ ತವರಿನ ಗಂಡಸರೆಲ್ಲ ದೊಣ್ಣೆ ಹಿಡಿದು ಬರುತ್ತಾರೆ. ಆರು ತಿಂಗಳ ಹಿಂದೆ ಅವಳೇ ಬಂದು "ನನ್ನ ಇಲ್ಲೇ ಇಟ್ಕೊಳ್ಳಿ" ಎಂದಾಗ ಅದೇ ಗಂಡಸರು ಬುದ್ಧಿ ಹೇಳಿ ಬಸ್ಸು ಹತ್ತಿಸಿರುತ್ತಾರೆ.

1981ರ ಎರಡನೆಯ ಚಿತ್ರದ ಬಗ್ಗೆ ಹೆಚ್ಚು ಹೇಳಲಾರೆ. ಓಡಿಸಿದ ವಾಹನಗಳ ಲೆಕ್ಕದಲ್ಲಿ ಅದನ್ನು ಶ್ರೇಷ್ಠ ಎನ್ನುವವರು ಬಹಳ. ನನಗೆ ನೆನಪಿರುವುದು ಬೇರೆ: ತಪ್ಪಿಸಿಕೊಂಡು ಹೊರಟ ಒಂದು ಜೋಡಿಯನ್ನು ಪುಂಡರು ಹಿಡಿದು, ಹೆಂಗಸನ್ನು ಕೆಡಿಸಿ ಕೊಲ್ಲುವಾಗ ಮ್ಯಾಕ್ಸ್ ದೂರದ ಗುಡ್ಡದ ಮೇಲಿಂದ ನೋಡುತ್ತಿರುತ್ತಾನೆ. ಬಿಲ್ಲು ಹಿಡಿದು ಹೋರಾಡುವ ಒಬ್ಬಳು ಧೀರೆಯೂ ಇದ್ದಾಳೆ. ಅವಳಿಗೆ ಒಂದು ಹೆಸರನ್ನೂ ಇಟ್ಟಿಲ್ಲ.

1983ರಲ್ಲಿ ಬೈರನ್ ಕೆನಡಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಅವರಿಲ್ಲದೆ 1985ರಲ್ಲಿ ಮೂರನೆಯ ಚಿತ್ರ ಬಂತು. ಅದರಲ್ಲಿ ಮೊದಲ ಬಾರಿಗೆ ಊರನ್ನು ಆಳುವವಳು ಒಬ್ಬ ಹೆಂಗಸು, ಹೆಸರು ಆಂಟಿ ಎಂಟಿಟಿ. ಮರುಭೂಮಿಯ ನಡುವೆ ಅವಳು ಕಟ್ಟಿದ ಸಂತೆ ಊರಿಗೆ ಬೆಳಕು ಹಂದಿಯ ಸಗಣಿಯ ಗ್ಯಾಸಿನಿಂದ! (ಗೋಬರ್ ಗ್ಯಾಸಿನ ಗುಂಡಿ ತೋಡಿಸಿದ ನಮ್ಮ ಹೆಂಗಸರು ನೋಡಿದರೆ ನಕ್ಕಾರು.) ಅವಳು ಒಳ್ಳೆಯವಳಲ್ಲ, ಪೂರ್ತಿ ಕೆಟ್ಟವಳೂ ಅಲ್ಲ. ಎಲ್ಲ ಕಳೆದುಹೋದಾಗ ಏನನ್ನೋ ಎತ್ತಿ ನಿಲ್ಲಿಸಿದವಳು. ಆ ಪಾತ್ರ ಮಾಡಿದವರು ಅಮೆರಿಕದ ಕಪ್ಪು ಗಾಯಕಿ ಟೀನಾ ಟರ್ನರ್. ಅವರ ಬದುಕಿನ ಕಥೆ ಚಿತ್ರದ ಕಥೆಗಿಂತ ನಮಗೆ ಹತ್ತಿರದ್ದು.

ಅವರ ಗಂಡ ಐಕ್ ಟರ್ನರ್ ಸಂಗೀತಗಾರ. 'ಟೀನಾ ಟರ್ನರ್' ಎಂಬ ಹೆಸರನ್ನು ಇಟ್ಟವನೂ ಅವನೇ. ವರ್ಷಗಟ್ಟಲೆ ಹೊಡೆದ. ರಾತ್ರಿ ಹೊಡೆತ ತಿಂದು ಮರುದಿನ ವೇದಿಕೆಯ ಮೇಲೆ ನಗುತ್ತ ಹಾಡಬೇಕು. 1976ರಲ್ಲಿ ಡಲ್ಲಾಸ್ ನಗರದಲ್ಲಿ ಕಾರಿನಲ್ಲೇ ಹೊಡೆತ ತಿಂದ ಆಕೆ, ಗಂಡ ಮಲಗಿದ್ದಾಗ ಹೋಟೆಲಿನ ಕೋಣೆಯಿಂದ ಹೊರಬಿದ್ದು, ವಾಹನಗಳು ಭರ್ರೆಂದು ಓಡುವ ಹೆದ್ದಾರಿಯನ್ನು ದಾಟಿ ಇನ್ನೊಂದು ಹೋಟೆಲಿನಲ್ಲಿ ಆಸರೆ ಕೇಳಿದರು. ಕೈಯಲ್ಲಿದ್ದದ್ದು 36 ಸೆಂಟು ಮತ್ತು ಪೆಟ್ರೋಲ್ ಬಂಕಿನ ಒಂದು ಕಾರ್ಡು. ಅಲ್ಲಿಯ ಮ್ಯಾನೇಜರು ಕೋಣೆ ಕೊಟ್ಟರು. 1978ರಲ್ಲಿ ವಿಚ್ಛೇದನವಾದಾಗ ಆಸ್ತಿಗಾಗಿ ಹಟ ಹಿಡಿಯದೆ, ಹಾಡಿ ಗಳಿಸಿದ ಆ ಹೆಸರು ತನಗೇ ಇರಲಿ ಎಂದರು. ರದ್ದಾದ ಕಾರ್ಯಕ್ರಮಗಳ ಸಾಲವೂ ಅವರ ತಲೆಗೇ ಬಂತು. ತೀರಿಸಿದರು. ಏಳು ವರ್ಷದ ನಂತರ ಆಂಟಿ ಎಂಟಿಟಿಯಾಗಿ ತೆರೆಯ ಮೇಲೆ ನಿಂತಾಗ ಆ ನಿಲುವಿನಲ್ಲಿ ನಟನೆ ಎಷ್ಟು, ಬದುಕು ಎಷ್ಟು ಎಂದು ಬಿಡಿಸಿ ಹೇಳಲು ನನಗಾಗದು. 2023ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು.

ಈ 36 ಸೆಂಟಿನ ಮಾತು ನನ್ನನ್ನು ಕಾಡುತ್ತದೆ. ಮನೆ ಬಿಟ್ಟು ಬಂದ ಹೆಣ್ಣುಮಗಳನ್ನು "ಏನಾಯ್ತು" ಎಂದು ಕೇಳುವ ಮೊದಲು "ಕೈಯಲ್ಲಿ ಏನಿದೆಯಮ್ಮಾ" ಎಂದು ಕೇಳಬೇಕು ಎನ್ನುವವಳು ನಾನು. ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿ ಸಂಘಕ್ಕೆ ಕಟ್ಟುವಾಗ ನಾವು ಕುರಿ, ಹೊಲಿಗೆ ಮಿಷನ್ನು, ಮಗಳ ಫೀಸು ಎಂದು ಲೆಕ್ಕ ಬರೆಯುತ್ತೇವೆ. ಹೊರಬೀಳುವ ದಿನದ ಬಸ್ ಚಾರ್ಜಿಗೆ ಎಂದು ಯಾರೂ ಬರೆಯುವುದಿಲ್ಲ.

ನಾಲ್ಕನೆಯ ಚಿತ್ರಕ್ಕೆ 30 ವರ್ಷ ಹಿಡಿಯಿತು. ಇರಾಕ್ ಯುದ್ಧದ ಹೊತ್ತಿಗೆ ಒಮ್ಮೆ ನಿಂತಿತು. ಆಮೇಲೆ ಚಿತ್ರೀಕರಣಕ್ಕೆ ಗೊತ್ತುಮಾಡಿದ್ದ ಆಸ್ಟ್ರೇಲಿಯಾದ ಬ್ರೋಕನ್ ಹಿಲ್‌ನಲ್ಲಿ ಮಳೆ ಸುರಿದು ಮರುಭೂಮಿಯೇ ಹೂ ಬಿಟ್ಟಿತು. ಕೊನೆಗೆ 2012ರಲ್ಲಿ ಆಫ್ರಿಕಾದ ನಮೀಬಿಯಾಕ್ಕೆ ಹೋಗಿ ಚಿತ್ರಿಸಿದರು. 2015ರಲ್ಲಿ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಬಿಡುಗಡೆಯಾಯಿತು.

ಇದರಲ್ಲಿ ಇಮ್ಮಾರ್ಟನ್ ಜೋ ಎಂಬ ಮುದುಕ ಬಂಡೆಗಳ ಕೋಟೆ ಕಟ್ಟಿಕೊಂಡು ಕೆಳಗಿನ ಜನಕ್ಕೆ ಮನಸ್ಸು ಬಂದಾಗ ಒಂದಿಷ್ಟು ನೀರು ಬಿಡುತ್ತಾನೆ. ತಾಯಂದಿರನ್ನು ಸಾಲಾಗಿ ಕೂರಿಸಿ ಯಂತ್ರ ಹಾಕಿ ಹಾಲು ಕರೆಸುತ್ತಾನೆ. ಗಂಡು ಸಂತಾನಕ್ಕಾಗಿ ಐವರು ಹುಡುಗಿಯರನ್ನು ಹೆಂಡತಿಯರೆಂದು ಕಬ್ಬಿಣದ ಬಾಗಿಲ ಹಿಂದೆ ಕೂಡಿಹಾಕಿದ್ದಾನೆ. (1979ರ ಚಿತ್ರದಲ್ಲಿ ಜೆಸ್ಸಿಯ ಬೆನ್ನು ಹತ್ತಿದ ಪುಂಡರ ನಾಯಕನಾಗಿದ್ದ ಹ್ಯೂ ಕೀಸ್-ಬರ್ನ್ ಅವರೇ ಇಲ್ಲಿ ಜೋ ಆಗಿದ್ದಾರೆ. ವಯಸ್ಸಾಗಿದೆ, ಅಧಿಕಾರ ಬಂದಿದೆ, ಬುದ್ಧಿ ಅದೇ!) ಒಂದು ದಿನ ಅವನ ಸೈನ್ಯದ ಫ್ಯೂರಿಯೋಸಾ ಎಂಬ ಒಂಟಿಗೈಯ ಹೆಂಗಸು ಪೆಟ್ರೋಲು ತರುತ್ತೇನೆಂದು ದೊಡ್ಡ ಟ್ಯಾಂಕರು ಹೊರಡಿಸಿ, ಅರ್ಧ ದಾರಿಯಲ್ಲಿ ಬೇರೆ ಕಡೆಗೆ ತಿರುಗಿಸುತ್ತಾಳೆ. ಒಳಗೆ ಆ ಐವರು ಅಡಗಿದ್ದಾರೆ. ತಾವು ಯಾರ ಸಾಮಾನೂ ಅಲ್ಲವೆಂದು ಗೋಡೆಯ ಮೇಲೆ ಬರೆದಿಟ್ಟು ಬಂದಿದ್ದಾರೆ.

ಫ್ಯೂರಿಯೋಸಾ ಜೋನ ಮನೆಯವಳೇ, ಅವನ ನಂಬಿಕೆಯ ಆಳು ಎಂಬುದನ್ನು ಗಮನಿಸಬೇಕು. ನಮ್ಮ ಪ್ರಕರಣಗಳಲ್ಲೂ ರಾತ್ರಿ ಹಿತ್ತಿಲ ಬಾಗಿಲು ತೆಗೆದುಕೊಟ್ಟವಳು ಎಷ್ಟೋ ಸಲ ಅದೇ ಮನೆಯ ಓರಗಿತ್ತಿಯೋ ನಾದಿನಿಯೋ ಆಗಿರುತ್ತಾಳೆ. ಅವಳ ಹೆಸರು ಯಾವ ದೂರಿನಲ್ಲೂ ಬರುವುದಿಲ್ಲ.

ಅವಳಿಗೆ ಟ್ಯಾಂಕರು ತಿರುಗಿಸುವ ಆ ಹಟ ಎಲ್ಲಿಂದ ಬಂತು ಎಂಬುದನ್ನು ಐದನೆಯ ಚಿತ್ರ, 2024ರ 'ಫ್ಯೂರಿಯೋಸಾ', ಹೇಳುತ್ತದೆ. ಹಸಿರು ನಾಡಿನಿಂದ ಪುಂಡರು ಕದ್ದೊಯ್ದ ಹುಡುಗಿ ಅವಳು. ಬಿಡಿಸಲು ಬಂದ ತಾಯಿಯನ್ನು ಕಣ್ಣೆದುರೇ ಕೊಂದರು. ಮುಂದೆ ಪೆಟ್ರೋಲಿನ ಊರು ಯಾರಿಗೆ, ಆಹಾರ ನೀರು ಎಷ್ಟು ಎಂದು ಇಬ್ಬರು ನಾಯಕರು ಕೂತು ಮಾತಾಡುವಾಗ ಆ ಹುಡುಗಿಯೂ ವ್ಯವಹಾರದಲ್ಲಿ ಒಂದು ಬಾಬತ್ತಾಗಿ ಕೈ ಬದಲಾಗುತ್ತಾಳೆ. ಹಜಾರದಲ್ಲಿ ಹಿರಿಯರು ಕೂತು ಚಿನ್ನ ಎಷ್ಟು, ಬೈಕು ಯಾವುದು ಎಂದು ಮಾತಾಡುವುದನ್ನು ಬಾಗಿಲ ಸಂದಿಯಿಂದ ಕೇಳಿಸಿಕೊಂಡವರಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಮಾರು 17 ಕೋಟಿ ಡಾಲರು ಸುರಿದ ಆ ಚಿತ್ರ ಹಾಕಿದ ದುಡ್ಡಿಗೆ ತಕ್ಕಷ್ಟು ಗಳಿಸಲಿಲ್ಲ. ಹೆಂಗಸನ್ನು ಮುಂದಿಟ್ಟರೆ ಹೀಗೇ ಎಂದು ಆಡಿಕೊಂಡವರಿದ್ದರು. ಗಂಡಸನ್ನು ಮುಂದಿಟ್ಟು ಮುಳುಗಿದ ಚಿತ್ರಗಳಿಗೆ ಅವರು ಆ ಕಾರಣ ಹೇಳುವುದಿಲ್ಲ.

ಮತ್ತೆ 2015ರ ಚಿತ್ರಕ್ಕೆ. ಐವರಲ್ಲಿ ಒಬ್ಬಳು, ಆಂಗಾರಾಡ್, ತುಂಬು ಬಸುರಿ. ಜೋ ಬಂದೂಕು ಎತ್ತಿದಾಗ ಅವಳು ಹೊಟ್ಟೆಯನ್ನೇ ಅಡ್ಡ ಹಿಡಿಯುತ್ತಾಳೆ, ವಾರಸುದಾರನಿಗೆ ಅವನು ಗುಂಡು ಹೊಡೆಯಲಾರ ಎಂದು ಗೊತ್ತಿದ್ದೇ. ಆಮೇಲೆ ಬಿದ್ದು ಚಕ್ರಕ್ಕೆ ಸಿಕ್ಕಿ ಸಾಯುತ್ತಾಳೆ. ಹೊಟ್ಟೆ ಕೊಯ್ದು ನೋಡುತ್ತಾರೆ, ಗಂಡು ಕೂಸು. ಅವರು ಗೋಳಾಡುವುದು ಆ ಗಂಡಿಗಾಗಿ.

ನನಗೆ ಎಲ್ಲಕ್ಕಿಂತ ನಿಜವೆನಿಸಿದ್ದು ಅದರ ನಂತರ ಬರುವ ಸಣ್ಣ ದೃಶ್ಯ. ಐವರಲ್ಲಿ ಚಿಕ್ಕವಳಾದ ಚೀಡೋ ಟ್ಯಾಂಕರಿನಿಂದ ಇಳಿದು ಬಂದ ದಾರಿಯತ್ತ ಓಡುತ್ತಾಳೆ. ಅವನು ಕ್ಷಮಿಸುತ್ತಾನೆ, ಅಲ್ಲಿ ನಮಗೆ ಏನು ಕಡಿಮೆಯಿತ್ತು ಎಂದು ಅಳುತ್ತಾಳೆ. ಉಳಿದವರು ಬೈಯುವುದಿಲ್ಲ, ಹಿಡಿದು ತರುತ್ತಾರೆ. ಹೊಡೆತ ತಿಂದು ಬಂದವಳು ಮೂರನೆಯ ದಿನ "ಅವರು ಬದಲಾಗಿದ್ದಾರಂತೆ" ಎಂದು ಹೊರಟು ನಿಂತಾಗ ನಮ್ಮಲ್ಲಿ ಕೆಲವರಿಗೆ ಸಿಟ್ಟು ಬರುತ್ತದೆ. ಅಂಥವಳನ್ನು ಮತ್ತೆ ಸೇರಿಸಬಾರದು ಎನ್ನುವವರೂ ಇದ್ದಾರೆ. ಈ ಚೀಡೋಳನ್ನು ಅವರು ನೋಡಬೇಕು. ಕಡೆಯ ಹೋರಾಟದಲ್ಲಿ ಶರಣಾಗುವವಳಂತೆ ನಟಿಸಿ ಜೋನ ಗಾಡಿ ಹತ್ತುವವಳು ಅವಳೇ. ಫ್ಯೂರಿಯೋಸಾಳಿಗೆ ಅಲ್ಲಿಗೆ ಹತ್ತಲು ಕೈ ಕೊಡುವವಳೂ ಅವಳೇ.

ಇಷ್ಟು ಒಳಮನಸ್ಸು ಒಂದು ಬಡಿದಾಟದ ಚಿತ್ರಕ್ಕೆ ಸುಮ್ಮನೆ ಬರಲಿಲ್ಲ. ಕಾಂಗೋದಂಥ ಕಡೆ ದೌರ್ಜನ್ಯಕ್ಕೆ ಸಿಕ್ಕಿದ ಹೆಂಗಸರ ಜೊತೆ ಕೆಲಸ ಮಾಡಿದ ಲೇಖಕಿ ಈವ್ ಎನ್ಸ್ಲರ್ ಅವರನ್ನು ಮಿಲ್ಲರ್ ನಮೀಬಿಯಾಕ್ಕೆ ಕರೆಸಿಕೊಂಡರು. ಕೂಡಿಹಾಕಲ್ಪಟ್ಟ ಹೆಣ್ಣಿನ ಮನಸ್ಸು ಹೇಗಿರುತ್ತದೆ ಎಂದು ಅವರು ಒಂದು ವಾರ ನಟಿಯರ ಜೊತೆ ಕೂತು ಮಾತಾಡಿದರು. ಫ್ಯೂರಿಯೋಸಾ ಆದ ಚಾರ್ಲಿಜ್ ತೆರಾನ್ ದಕ್ಷಿಣ ಆಫ್ರಿಕಾದವರು. 1991ರಲ್ಲಿ, ಅವರಿಗೆ 15 ವರ್ಷವಾಗಿದ್ದಾಗ, ಕುಡಿದು ಬಂದ ತಂದೆ ಮನೆಯಲ್ಲಿ ಗುಂಡು ಹಾರಿಸಿದ. ತಾಯಿ ತಿರುಗಿ ಗುಂಡು ಹಾರಿಸಿದ್ದರಿಂದ ಅವನು ಸತ್ತ. ಆತ್ಮರಕ್ಷಣೆ ಎಂದು ತಾಯಿಯ ಮೇಲೆ ಮೊಕದ್ದಮೆ ಹಾಕಲಿಲ್ಲ. ಇದನ್ನು ತೆರಾನ್ ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಚಿತ್ರವನ್ನು ಸಂಕಲನ ಮಾಡಿದವರು ಮಿಲ್ಲರ್ ಅವರ ಪತ್ನಿ ಮಾರ್ಗರೆಟ್ ಸಿಕ್ಸೆಲ್. ಅವರು ಅದುವರೆಗೆ ಬಡಿದಾಟದ ಚಿತ್ರ ಮುಟ್ಟಿದವರಲ್ಲ. ಗಂಡಸರು ಮಾಡಿದರೆ ಎಲ್ಲ ಚಿತ್ರದಂತೆ ಆಗುತ್ತದೆ ಎಂದೇ ಮಿಲ್ಲರ್ ಅವರಿಗೆ ಒಪ್ಪಿಸಿದರು. ಸುಮಾರು 480 ಗಂಟೆಯಷ್ಟು ತೆಗೆದದ್ದನ್ನು ಎರಡು ಗಂಟೆಗೆ ಇಳಿಸಿದ ಆ ಕೆಲಸಕ್ಕೆ 2016ರಲ್ಲಿ ಆಸ್ಕರ್ ಬಂತು. ಚಿತ್ರಕ್ಕೆ ಒಟ್ಟು ಆರು.

ಹಾಗೆಂದು ಹೊಗಳಿ ಅಟ್ಟಕ್ಕೇರಿಸಲು ನಾನು ಸಿದ್ಧಳಿಲ್ಲ. ಮ್ಯಾಕ್ಸ್ ಆಗಿದ್ದ ಟಾಮ್ ಹಾರ್ಡಿ ಅವರೊಂದಿಗಿನ ಜಗಳದಲ್ಲಿ ತೆರಾನ್ ಅವರಿಗೆ ಸೆಟ್ಟಿನಲ್ಲಿ ಎಷ್ಟು ಅಳುಕಾಯಿತೆಂದರೆ, ತಮ್ಮ ಜೊತೆಗೆ ಒಬ್ಬ ಮಹಿಳಾ ನಿರ್ಮಾಪಕಿ ಇರಲಿ ಎಂದು ಕೇಳಬೇಕಾಯಿತು. ಚಿತ್ರ ತಯಾರಾದ ಬಗೆಯನ್ನು ಕುರಿತು 2022ರಲ್ಲಿ ಬಂದ ಪುಸ್ತಕದಲ್ಲಿ ಅವರೇ ಇದನ್ನು ಹೇಳಿದ್ದಾರೆ. ಹೆಣ್ಣಿನ ಬಿಡುಗಡೆಯ ಕಥೆ ಮಾಡುವ ಜಾಗದಲ್ಲೇ ಹೀಗೆ! ಇನ್ನೊಂದು, ಜೋ ಮುಖವಾಡ ತೊಟ್ಟ ರಾಕ್ಷಸ, ನೋಡಿದ ಕೂಡಲೇ ಹೆದರಿಕೆಯಾಗುತ್ತದೆ. ನಮ್ಮ ಮನೆಗಳಲ್ಲಿ ಹೊಡೆಯುವವನು ಹೊರಗೆ ನಾಲ್ಕು ಜನಕ್ಕೆ ಬೇಕಾದವನು, ದೇವಸ್ಥಾನದ ಕಮಿಟಿಯಲ್ಲಿರುವವನು. ಅವನನ್ನು ತೋರಿಸುವ ಸಿನಿಮಾಕ್ಕೆ ಟ್ಯಾಂಕರು ಬೇಕಾಗುವುದಿಲ್ಲ, ದುಡ್ಡೂ ಹುಟ್ಟುವುದಿಲ್ಲ.

ಆಕ್ಷೇಪಣೆಗಳಲ್ಲಿ ದೊಡ್ಡದೆಂದರೆ ಇದು. ಅವರು ಹುಡುಕಿ ಹೊರಟ ಹಸಿರು ನಾಡು ಕೆಟ್ಟು ಕೆಸರಾಗಿದೆ. ಅಲ್ಲಿಂದ ಉಳಿದು ಬಂದ, ಬೈಕು ಓಡಿಸುವ ನಾಲ್ಕಾರು ಮುದುಕಿಯರು ಸಿಗುತ್ತಾರೆ. ಒಬ್ಬಾಕೆಯ ಚೀಲದಲ್ಲಿ ಬಿತ್ತನೆ ಬೀಜಗಳಿವೆ. 160 ದಿನ ಉಪ್ಪಿನ ಬಯಲು ದಾಟಿ ಹೋಗೋಣ ಎಂದು ಎಲ್ಲರೂ ಹೊರಟಾಗ, ಹಾಗೆ ಹೋದರೆ ಏನೂ ಸಿಗುವುದಿಲ್ಲ, ನೀರಿರುವ ಕೋಟೆಗೇ ವಾಪಸು ನಡೆಯಿರಿ ಎಂದು ದಾರಿ ತೋರಿಸುವವನು ಮ್ಯಾಕ್ಸ್. ಆ ಮಾತನ್ನು ಆ ಮುದುಕಿಯರಲ್ಲಿ ಒಬ್ಬರ ಬಾಯಲ್ಲಿ ಆಡಿಸಬಹುದಿತ್ತು ಎಂದು ಹಲವರು ಹೇಳಿದ್ದಾರೆ, ನಾನೂ ಒಪ್ಪುತ್ತೇನೆ. ಆದರೂ ಟ್ಯಾಂಕರು ತಿರುಗಿಸುವುದು ಹೆಂಗಸರು. ಮನೆ ಬಿಟ್ಟವಳು ಎಲ್ಲಿಗಾದರೂ ದೂರ ಹೋಗಿ ಹೇಗೋ ಬದುಕಲಿ ಎನ್ನುವವರ ನಡುವೆ, ಆ ಮನೆಯಲ್ಲಿ, ಆ ಹೊಲದಲ್ಲಿ, ಆ ಬಾವಿಯಲ್ಲಿ ಅವಳ ಪಾಲಿದೆ ಎಂದು ತೋರಿಸಿದ ಬಡಿದಾಟದ ಚಿತ್ರ ನಾನು ಬೇರೆ ಕಂಡಿಲ್ಲ. ಜೋ ಸತ್ತಿದ್ದಾನೆ. ಫ್ಯೂರಿಯೋಸಾ ಗಾಯಗೊಂಡು ನಿಂತಿದ್ದಾಳೆ, ಮ್ಯಾಕ್ಸ್ ಜನರ ನಡುವೆ ಸರಿದು ಹೊರಟಿದ್ದಾನೆ. ಆಗ ಮೇಲಿನಿಂದ ಕೆಳಗಿನ ಜನಕ್ಕೆ ನೀರು ಧುಮುಕುತ್ತದೆ. ತೂಬು ತೆರೆದವರು ಯಂತ್ರಕ್ಕೆ ಹಾಲು ಕೊಡುತ್ತಿದ್ದ ಆ ತಾಯಂದಿರು. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.