ಮೈಸೂರು ಮಹಾರಾಜರೂ ಮೆಟ್ನರನ ಸೊನಾಟಾಗಳೂ



ಜಯಚಾಮರಾಜೇಂದ್ರ ಒಡೆಯರ ಹೆಸರೆತ್ತಿದೊಡನೆ ನಮ್ಮ ಸಭೆಗಳಲ್ಲಿ ಅವರ 94 ಕೃತಿಗಳು, ‘ಶ್ರೀವಿದ್ಯಾ’ ಅಂಕಿತ, ದಸರಾ ದರ್ಬಾರು ಇವುಗಳ ಮಾತು ಬರುತ್ತದೆ. ರಷ್ಯಾದ ಸಂಗೀತಕಾರನೊಬ್ಬ ತನ್ನ ಕೈಯಾರೆ ನುಡಿಸಿದ ಪಿಯಾನೋ ವಾದನವನ್ನು ಅವರು ಲೋಕಕ್ಕೆ ಉಳಿಸಿಕೊಟ್ಟರೆಂಬ ಮಾತು ಮಾತ್ರ ಬರುವುದು ಅಪರೂಪ. ನನ್ನ ಅಭಿಪ್ರಾಯದಲ್ಲಿ ಅದು ಅವರ ಕೃತಿರಚನೆಗೆ ಕಡಿಮೆಯಾದ ಸೇವೆಯಲ್ಲ.

ಪಿಯಾನೋ ವಾದಕರಾಗಬೇಕೆಂಬ ಹಂಬಲವಿದ್ದ ಆ ತರುಣ 1940ರಲ್ಲಿ ತಂದೆಯನ್ನೂ ದೊಡ್ಡಪ್ಪ ನಾಲ್ವಡಿಯವರನ್ನೂ ಕಳೆದುಕೊಂಡು, 21ನೆಯ ವಯಸ್ಸಿನಲ್ಲಿ ಸಿಂಹಾಸನವೇರಬೇಕಾಯಿತು. ಹಂಬಲ ಬತ್ತಲಿಲ್ಲ, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. ಅದೇ ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಬಡತನದಲ್ಲಿ, ಹೃದ್ರೋಗದಲ್ಲಿ ದಿನ ಕಳೆಯುತ್ತಿದ್ದ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು, 14 ಪಿಯಾನೋ ಸೊನಾಟಾಗಳನ್ನು ರಚಿಸಿದವನು. ಯುದ್ಧದಿಂದಾಗಿ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಆದಾಯವೂ ನಿಂತಿತ್ತು. ಮಹಾರಾಜರ ಧನಸಹಾಯದಿಂದ ಮೆಟ್ನರ್ ಸೊಸೈಟಿ ಸ್ಥಾಪನೆಯಾಯಿತು, ಎಚ್.ಎಂ.ವಿ. ಕಂಪನಿ ಅವನ ವಾದನವನ್ನು ಮುದ್ರಿಸಿಕೊಂಡಿತು. ಮೂರು ಪಿಯಾನೋ ಕಾನ್ಚೆರ್ಟೋಗಳು, ಹಾಡುಗಳು, ‘ಕಥೆ’ಗಳೆಂದು ಅವನೇ ಕರೆದ ಕಿರುರಚನೆಗಳು, ಜೊತೆಗೆ ‘ಸೊನಾಟಾ-ಬ್ಯಾಲಡ್’. ತನ್ನ ಮೂರನೆಯ ಕಾನ್ಚೆರ್ಟೋವನ್ನು ಅವನು ಮಹಾರಾಜರಿಗೇ ಅರ್ಪಿಸಿದ. 1951ರಲ್ಲಿ ತೀರಿಕೊಂಡ.

ಈ ವಿಷಯ ತೆಗೆದಾಗಲೆಲ್ಲ ನಮ್ಮ ಕಡೆಯ ಹಿರಿಯರೊಬ್ಬರು ಆಕ್ಷೇಪವೆತ್ತುತ್ತಾರೆ: ಧಾನ್ಯದ ಅಭಾವವಿದ್ದ ಕಾಲ, ಪ್ರಜೆಗಳ ಸಂಸ್ಥಾನದ ದೊರೆ, ಪರದೇಶದ ಪಿಯಾನೋಗೆ ಹಣ ಸುರಿಯುವುದೇ? ಆಕ್ಷೇಪವನ್ನು ತಳ್ಳಿಹಾಕಲಾರೆ. ಕೆಂಗಲ್ ಹನುಮಂತಯ್ಯನವರ ಹೆಸರು ಹೊತ್ತ ಸೀಮೆಯವನಾಗಿ ಹೇಗೆ ತಳ್ಳಿಹಾಕಲಿ? ಮೆಟ್ನರ್ ಕಾನ್ಚೆರ್ಟೋಗಳನ್ನು ನುಡಿಸಿ ಮುದ್ರಿಸುತ್ತಿದ್ದ 1947ರಲ್ಲಿಯೇ ಇಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆಯಿತು. ಆ ಹೋರಾಟ ನ್ಯಾಯವಾದದ್ದು. ಆದರೆ ಅರಸರ ಕಾಲದ ವೆಚ್ಚಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಬೇಟೆಗೂ ಮೆರವಣಿಗೆಗೂ ಖರ್ಚಾದ ಹಣ ಅಂದೇ ಕರಗಿತು. ಈ ತಟ್ಟೆಗಳನ್ನಾದರೋ ಸಿ.ಡಿ.ಯಾಗಿಸಿ ಮತ್ತೆ ಹೊರತಂದರು, ಇಂದಿಗೂ ಕೇಳಸಿಗುತ್ತವೆ. (ಅರಮನೆಯ ಸಂಗೀತವೆಲ್ಲ ಹೀಗೆ ಮುದ್ರಣಗೊಂಡು ಉಳಿದಿದ್ದರೆ!)

ಇನ್ನು ಸಂಗೀತದ ಗುಣ. ಪಾಶ್ಚಾತ್ಯ ಸಂಗೀತವೆಂದರೆ ಗದ್ದಲವೆಂದು ಬಗೆದವರು ‘ಸೊನಾಟಾ-ಬ್ಯಾಲಡ್’ ಕೇಳಬೇಕು. 1912–14ರ ರಚನೆ. ಆರಂಭದ ಸ್ವರಧಾರೆ ಜೋಗುಳದಂತೆ ತೂಗುತ್ತದೆ. ನೋಡನೋಡುತ್ತ ಕದಡಿ ಉಕ್ಕುತ್ತದೆ. ನಡುವಣ ಚಿಕ್ಕ ಭಾಗ ಕತ್ತಲೆಯದು. ಕೊನೆಯ ಭಾಗದಲ್ಲಿ ಮೊದಲ ರಾಗಭಾವ ಮರಳಿ ಬಂದಾಗ ಅದು ಬೇರೆಯೇ ಆಗಿರುತ್ತದೆ. ನಮ್ಮ ನೆರವಲಿನಲ್ಲಿ ಒಂದೇ ಸಾಲು ಬೆಳೆದು ಬೆಳೆದು ಅರ್ಥ ತುಂಬಿಕೊಳ್ಳುವುದಿಲ್ಲವೇ, ಆ ಜಾತಿಯ ಸುಖ. ವ್ಯತ್ಯಾಸವೂ ಇದೆ: ನಮ್ಮಲ್ಲಿ ಆ ಬೆಳವಣಿಗೆ ವೇದಿಕೆಯ ಮೇಲೆ ಹುಟ್ಟುತ್ತದೆ, ಅಲ್ಲಿ ಕಾಗದದ ಮೇಲೆ ಮೊದಲೇ ನಿಶ್ಚಿತವಾಗಿರುತ್ತದೆ. ಎರಡು ಕೈಗಳು ಎರಡು ಮಾತಾಡುತ್ತ ಒಂದನ್ನೊಂದು ಕೇಳಿಸಿಕೊಳ್ಳುವ ಬಗೆ ನಮ್ಮಲ್ಲಿಲ್ಲದ್ದು. ಅದಕ್ಕೆ ಕಿವಿ ಪಳಗಲು ನನಗೆ ತಿಂಗಳುಗಳೇ ಹಿಡಿದವು.

ಅವನ ಗೆಳೆಯ ರಾಖ್ಮನಿನಾಫನಂತೆ ಮೆಟ್ನರ್ ಮೊದಲ ಕೇಳುವಿಕೆಯಲ್ಲೇ ಮನಸೋಲಿಸುವವನಲ್ಲ. ಅರವತ್ತೇಳರ ರೋಗಿಯ ಬೆರಳುಗಳೆಂದು ತಿಳಿಯದಷ್ಟು ಸ್ಪಷ್ಟವಾಗಿ ನುಡಿಸುತ್ತಾನೆ, ಪ್ರದರ್ಶನಕ್ಕೆಂದು ಒಂದು ಸ್ವರವನ್ನೂ ಒತ್ತುವುದಿಲ್ಲ. ಹಳೆಯ ತಟ್ಟೆಯ ಸರಸರ ಸದ್ದು ಮೊದಲು ಕಿರಿಕಿರಿ, ಆಮೇಲೆ ಮಳೆಯಂತೆ ಮರೆತುಹೋಗುತ್ತದೆ.

ಕೇಳಬಯಸುವವರು ಮೊದಲ ಭಾಗವನ್ನಷ್ಟೇ ಎರಡು ಮೂರು ದಿನ ಕೇಳಿ, ಉಳಿದೆರಡನ್ನು ಆಮೇಲೆ. ಹೇಗನಿಸಿತೆಂದು ನನಗೆ ಬರೆಯಿರಿ, ಹಿಡಿಸಲಿಲ್ಲವೆಂದರೂ ಸರಿ.